ಗರ್ಭಿಣೀ ಸ್ತ್ರೀಯರ ಆಹಾರದಲ್ಲಿ ಚೀಸು: ಯಜಮಾನರು ತಿಳಿಯತಕ್ಕ ಕೆಲವು ವಿಷಯಗಳು

ಚನ್ನಪಟ್ಟಣ ತಾಲ್ಲೂಕು ವಿರೂಪಾಕ್ಷಿಪುರ ಹೋಬಳಿಯ ಗ್ರಾಮಗಳಲ್ಲಿ ರಾಗಿ, ತೆಂಗು, ಮಾವು, ಹಿಪ್ಪುನೇರಳೆ ಇವುಗಳ ಜೊತೆಗೆ ಹಾಲೂ ಒಂದು ಮುಖ್ಯವಾದ ಬೆಳೆಯೇ ಆಗಿದೆ. ಮಳೆ ತಪ್ಪಿದ ವರ್ಷದಲ್ಲಿ ಹೊಲ ಕೈಬಿಟ್ಟರೂ ಕೊಟ್ಟಿಗೆ ಕೈಬಿಡುವುದಿಲ್ಲವೆಂಬುದು ರೈತರ ಅನುಭವ. ಬೆಳಿಗ್ಗೆಯೂ ಸಂಜೆಯೂ ಸಹಕಾರ ಸಂಘಕ್ಕೆ ಸೇರುವ ಈ ಹಾಲು ಬೆಂಗಳೂರು ಹಾಲು ಒಕ್ಕೂಟದ ಮೂಲಕ ಪಟ್ಟಣಗಳಿಗೆ ಹೋಗುತ್ತದೆ. ಅದರಲ್ಲಿ ಒಂದು ಭಾಗವು ಬೆಣ್ಣೆ, ತುಪ್ಪ, ಪನೀರು, ಚೀಸುಗಳಾಗಿ ಮಾರ್ಪಟ್ಟು ಬಣ್ಣದ ಪೊಟ್ಟಣಗಳಲ್ಲಿ ಹಳ್ಳಿಯ ಅಂಗಡಿಗೇ ಮರಳಿ ಬರುತ್ತದೆ. ಇಪ್ಪತ್ತು ಮೂವತ್ತು ವರ್ಷಗಳ ಕೆಳಗೆ ಚೀಸೆಂಬ ಪದಾರ್ಥವನ್ನು ಕಣ್ಣಿನಿಂದ ಕಂಡವರು ಗ್ರಾಮಗಳಲ್ಲಿ ವಿರಳ. ಈಗ ಬೆಂಗಳೂರು ಮೈಸೂರು ಹೆದ್ದಾರಿಯ ಊಟದ ಮನೆಗಳಲ್ಲಿಯೂ, ಸಂತೆಯ ಊರಿನ ಬೇಕರಿಗಳಲ್ಲಿಯೂ, ಪಟ್ಟಣದಿಂದ ಬರುವ ಮಕ್ಕಳ ಕೈಚೀಲಗಳಲ್ಲಿಯೂ ಅದು ಸಾಮಾನ್ಯವಾಗಿದೆ.

ಹೀಗಿರುವಾಗ ಮನೆಗಳಲ್ಲಿ ಒಂದು ಪ್ರಶ್ನೆಯು ಹುಟ್ಟುವುದು ಸಹಜವೇ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳು ಚೀಸನ್ನು ಬಯಸುತ್ತಾಳೆ. ಬಸುರಿಯ ಬಯಕೆಯನ್ನು ತೀರಿಸದೆ ಇರಬಾರದೆಂಬುದು ಹಿರಿಯರ ಮಾತು. ಆದರೆ ಅದೇ ಹಿರಿಯರು ಈ ಹೊಸ ಪದಾರ್ಥದಿಂದ ಗರ್ಭಕ್ಕೆ ಕೇಡಾದೀತೆಂದು ಅಂಜುತ್ತಾರೆ. ಚೀಸನ್ನು ಗರ್ಭಿಣಿಯರು ಮುಟ್ಟಬಾರದೆಂದು ಎಲ್ಲಿಯೋ ಕೇಳಿದವರೊಬ್ಬರು ಹೇಳುತ್ತಾರೆ; ಅದರಷ್ಟು ಪುಷ್ಟಿಕರವಾದದ್ದು ಮತ್ತೊಂದಿಲ್ಲವೆಂದು ಮತ್ತೊಬ್ಬರು ಹೇಳುತ್ತಾರೆ. ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಪೂರ್ಣ ಸತ್ಯವನ್ನು ತಿಳಿಯಬೇಕಾದರೆ ಚೀಸಿನ ಹೆಸರನ್ನು ಬಿಟ್ಟು, ಅದು ಯಾವ ಹಾಲಿನಿಂದ ಆಯಿತು, ಆ ಹಾಲು ಕಾಯಿತೇ ಇಲ್ಲವೇ, ಆಮೇಲೆ ಅದನ್ನು ಹೇಗೆ ಇಟ್ಟರು ಎಂಬ ಮೂರು ಸಂಗತಿಗಳನ್ನು ವಿಚಾರಿಸಬೇಕು.

ಮೊದಲು ಪದದ ವಿಷಯ. ಇಂಗ್ಲಿಷ್ ಕನ್ನಡ ನಿಘಂಟುಗಳಲ್ಲಿ ಚೀಸಿಗೆ ಗಿಣ್ಣು ಎಂಬ ಅರ್ಥವನ್ನು ಕೊಟ್ಟಿರುವುದುಂಟು. ರೈತರು ಗಿಣ್ಣೆಂದು ಕರೆಯುವುದು ಹಸು ಈದ ಹೊಸತರಲ್ಲಿ ಕರೆಯುವ ಹಾಲನ್ನು ಬೆಲ್ಲದೊಡನೆ ಬೇಯಿಸಿದ ಭಕ್ಷ್ಯವನ್ನು. ಚೀಸು ಅದಲ್ಲ. ಹಾಲಿಗೆ ಹೆಪ್ಪನ್ನೂ, ಹಾಲನ್ನು ಗಟ್ಟಿಗೊಳಿಸುವ ರೆನೆಟ್ ಎಂಬ ದ್ರವ್ಯವನ್ನೂ ಹಾಕಿ, ಒಡೆದ ಗಟ್ಟಿಯಿಂದ ನೀರನ್ನು ಬಸಿದು, ಉಪ್ಪು ಬೆರೆಸಿ, ಒತ್ತಿ, ಕೆಲವು ದಿನಗಳಿಂದ ಹಿಡಿದು ಅನೇಕ ತಿಂಗಳುಗಳವರೆಗೆ ಹದಮಾಡಿದ ಪದಾರ್ಥವೇ ಚೀಸು. ಸುಮಾರು ೧೦ ಲೀಟರು ಹಸುವಿನ ಹಾಲಿನಿಂದ ಒಂದು ಕಿಲೋಗ್ರಾಂ ಗಟ್ಟಿ ಚೀಸು ದೊರೆಯುತ್ತದೆ.

ಅಂಗಡಿಗಳಲ್ಲಿ ಹೋಳುಗಳಾಗಿಯೂ, ಚಿಕ್ಕ ಚೌಕದ ತುಂಡುಗಳಾಗಿಯೂ, ಡಬ್ಬಿಗಳಲ್ಲಿಯೂ ಮಾರುವುದು ಬಹುಮಟ್ಟಿಗೆ ಸಂಸ್ಕರಿಸಿದ ಚೀಸು. ಇದರ ಚರಿತ್ರೆಯು ಸ್ವಾರಸ್ಯವಾದದ್ದು. ಸ್ವಿಟ್ಜರ್ಲೆಂಡ್ ದೇಶದ ಟೂನ್ ಎಂಬ ಊರಿನಲ್ಲಿ ವಾಲ್ಟರ್ ಗೆರ್ಬರ್, ಫ್ರಿಟ್ಸ್ ಸ್ಟೆಟ್ಲರ್ ಎಂಬ ಇಬ್ಬರು, ತಮ್ಮ ನಾಡಿನ ಚೀಸು ಉಷ್ಣದೇಶಗಳಿಗೆ ಕಳುಹಿಸಿದಾಗ ಕೆಡದಂತೆ ಮಾಡುವ ಉಪಾಯವನ್ನು ಹುಡುಕುತ್ತ ೧೯೧೧ರಲ್ಲಿ ಇದನ್ನು ಕಂಡುಹಿಡಿದರು. ಚೀಸನ್ನು ಸುಮ್ಮನೆ ಕಾಯಿಸಿದರೆ ಕೊಬ್ಬು ಬೇರೆಯಾಗಿ ಉಳಿದದ್ದು ಗಂಟುಗಟ್ಟುತ್ತದೆ. ಅದಕ್ಕೆ ಸೋಡಿಯಂ ಸಿಟ್ರೇಟಿನಂತಹ ಲವಣವನ್ನು ಸೇರಿಸಿ ಕಾಯಿಸಿದರೆ ಎಲ್ಲವೂ ಏಕರಸವಾಗಿ ಕರಗಿ, ಆರಿದ ಮೇಲೆ ನುಣುಪಾಗಿ ಗಟ್ಟಿಯಾಗುತ್ತದೆ. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ ಎಂಬುವರು ೧೯೧೬ರಲ್ಲಿ ಇಂತಹದೇ ಕ್ರಮವೊಂದಕ್ಕೆ ಹಕ್ಕುಪತ್ರವನ್ನು ಪಡೆದರು. ಇಂದಿಗೂ ಕಾರ್ಖಾನೆಗಳಲ್ಲಿ ಹದವಾದ ಚೀಸನ್ನು ಅರೆದು, ನೀರು ಮತ್ತು ಲವಣಗಳೊಡನೆ ಸುಮಾರು ೭೫ ರಿಂದ ೯೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕೆಲವು ನಿಮಿಷಗಳ ಕಾಲ ಕಾಯಿಸಿ, ಬಿಸಿಯಿರುವಾಗಲೇ ಪೊಟ್ಟಣಗಳಿಗೆ ತುಂಬುತ್ತಾರೆ. ಅಂದರೆ ಇದರ ಹಾಲನ್ನು ಮೊದಲೊಮ್ಮೆ ಕಾಯಿಸಿರುತ್ತಾರೆ. ಚೀಸಾದ ಮೇಲೆ ಮತ್ತೊಮ್ಮೆ ಕಾಯಿಸಿರುತ್ತಾರೆ. ಗರ್ಭಿಣಿಯರ ವಿಷಯದಲ್ಲಿ ಈ ಎರಡನೆಯ ಕಾವೇ ಮುಖ್ಯವಾದ ರಕ್ಷೆ.

ಈ ರಕ್ಷೆಯು ಯಾವುದರಿಂದ ಎಂಬುದನ್ನು ಈಗ ಹೇಳಬೇಕು. ಲಿಸ್ಟೀರಿಯಾ ಎಂಬ ಒಂದು ಸೂಕ್ಷ್ಮಜಂತುವಿದೆ. ೧೯೨೬ರಲ್ಲಿ ಕೇಂಬ್ರಿಜ್ಜಿನ ಪ್ರಯೋಗಶಾಲೆಯ ಮೊಲಗಳಲ್ಲಿ ಇದನ್ನು ಮೊದಲು ಗುರುತಿಸಿ ವರ್ಣಿಸಿದರು. ಶಸ್ತ್ರವೈದ್ಯನಾದ ಲಿಸ್ಟರನ ಗೌರವಾರ್ಥವಾಗಿ ಆಮೇಲೆ ಈ ಹೆಸರು ಬಂದಿತು. ಇದು ಮಣ್ಣಿನಲ್ಲಿಯೂ, ಸಗಣಿಯಲ್ಲಿಯೂ, ಕೊಳೆತ ಮೇವಿನಲ್ಲಿಯೂ ಜೀವಿಸಬಲ್ಲದು. ಉಪ್ಪಿಗೆ ಬೇಗ ಬಗ್ಗುವುದಿಲ್ಲ. ಬೇರೆ ಜಂತುಗಳು ಚಳಿಗೆ ಮುದುಡಿಕೊಂಡಿರುವಲ್ಲಿ ಇದು ಫ್ರಿಜ್ಜಿನೊಳಗೂ ಮೆಲ್ಲಮೆಲ್ಲನೆ ವೃದ್ಧಿಯಾಗುತ್ತದೆ. ಆದರೆ ಕಾವಿಗೆ ನಿಲ್ಲಲಾರದು. ಹಾಲನ್ನು ೬೩ ಡಿಗ್ರಿಯಲ್ಲಿ ೩೦ ನಿಮಿಷವಾಗಲಿ, ೭೨ ಡಿಗ್ರಿಯಲ್ಲಿ ೧೫ ಸೆಕೆಂಡಾಗಲಿ ಇರಿಸುವ ಪಾಶ್ಚರೀಕರಣದಿಂದ ಇದು ನಾಶವಾಗುತ್ತದೆ. ಮನೆಯ ಒಲೆಯ ಮೇಲೆ ಉಕ್ಕುವ ಹಾಲಿನಲ್ಲಿ ಬದುಕುವುದಂತೂ ಅಸಾಧ್ಯ.

ಆರೋಗ್ಯವಂತರಾದ ಗಂಡಸರು ಈ ಜಂತುವನ್ನು ನುಂಗಿದರೂ ಅನೇಕವೇಳೆ ಏನೂ ಆಗುವುದಿಲ್ಲ. ಗರ್ಭಿಣಿಯ ದೇಹಸ್ಥಿತಿಯು ಬೇರೆ. ಶಿಶುವನ್ನು ಹೊರುವುದಕ್ಕಾಗಿ ಅವಳ ದೇಹದ ರೋಗನಿರೋಧಶಕ್ತಿಯಲ್ಲಿ ಮಾರ್ಪಾಟುಗಳಾಗಿರುತ್ತವೆ. ಇತರರಿಗಿಂತ ಅವಳಿಗೆ ಈ ರೋಗ ತಗಲುವ ಸಂಭವವು ಸುಮಾರು ಹತ್ತು ಮಡಿಯೆಂದು ಲೆಕ್ಕ ಹಾಕಿರುವರು. ತಾಯಿಗೆ ಬರುವುದು ಸಣ್ಣ ಜ್ವರ, ಮೈಕೈನೋವು, ಆಯಾಸ ಇಷ್ಟೇ ಇರಬಹುದು. ಆದರೆ ಜಂತುವು ಮಾಸಿನ ಮೂಲಕ ಶಿಶುವನ್ನು ಸೇರಿತೆಂದರೆ ಗರ್ಭಪಾತ, ಸತ್ತ ಕೂಸಿನ ಜನನ, ಅಕಾಲ ಪ್ರಸವ, ಹುಟ್ಟಿದ ಕೂಸಿಗೆ ಮೆದುಳಿನ ಪೊರೆಯ ಜ್ವರ ಇವುಗಳಲ್ಲಿ ಒಂದು ಸಂಭವಿಸೀತು. ಆಹಾರವನ್ನು ತಿಂದು ಕೆಲವು ವಾರಗಳಾದ ಮೇಲೆ ರೋಗವು ತೋರಬಹುದಾದ್ದರಿಂದ, ತಿಂದದ್ದಕ್ಕೂ ಆದ ಅನರ್ಥಕ್ಕೂ ಸಂಬಂಧವಿದೆಯೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ಹಣೆಬರಹವೆಂದೋ ದೃಷ್ಟಿದೋಷವೆಂದೋ ಹೇಳಿ ಸುಮ್ಮನಾಗುತ್ತಾರೆ. ಕೆಲವು ಮನೆಗಳಲ್ಲಿ ಆ ಹೆಂಗಸನ್ನೇ ದೂಷಿಸುವುದೂ ಉಂಟು.

೧೯೮೫ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪ್ರಾಂತದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಉದಾಹರಿಸಬಹುದು. ಮೆಕ್ಸಿಕೋ ಪದ್ಧತಿಯ ಒಂದು ಬಗೆಯ ಮೃದುವಾದ ಚೀಸನ್ನು ತಿಂದು ೧೪೨ ಮಂದಿಗೆ ಈ ರೋಗವು ತಗಲಿತು. ಅವರಲ್ಲಿ ೯೩ ಪ್ರಸಂಗಗಳು ಗರ್ಭಿಣಿಯರಿಗೆ ಅಥವಾ ಅವರ ಶಿಶುಗಳಿಗೆ ಸೇರಿದವು. ಸಂಭವಿಸಿದ ೪೮ ಮರಣಗಳಲ್ಲಿ ೩೦ ಗರ್ಭದೊಳಗಿನ ಮತ್ತು ಆಗತಾನೆ ಹುಟ್ಟಿದ ಶಿಶುಗಳವು. ವಿಚಾರಣೆ ನಡೆಸಿದವರು ಕಾಯಿಸಿದ ಹಾಲಿಗೆ ಹಸಿಹಾಲು ಬೆರೆತಿದ್ದಿರಬೇಕೆಂಬ ನಿರ್ಣಯಕ್ಕೆ ಬಂದರು. ಪರದೇಶಗಳ ವೈದ್ಯರು ಗರ್ಭಿಣಿಯರಿಗೆ ಚೀಸಿನ ವಿಷಯದಲ್ಲಿ ಎಚ್ಚರಿಕೆಯನ್ನು ಹೇಳುವುದು ಇಂತಹ ಅನುಭವಗಳಿಂದ. ಆ ಎಚ್ಚರಿಕೆಯು ಕಾಯಿಸದ ಹಾಲಿನ ಚೀಸುಗಳನ್ನೂ, ಮೇಲೆ ಬಿಳಿಯ ಬೂಷ್ಟು ಕಟ್ಟಿಸಿ ಹದಮಾಡುವ ಮೃದುವಾದ ಚೀಸುಗಳನ್ನೂ, ನೀಲಿಯ ಗೆರೆಗಳಿರುವ ಚೀಸುಗಳನ್ನೂ ಕುರಿತದ್ದು. ಅದು ಬಾಯಿಂದ ಬಾಯಿಗೆ ಹಳ್ಳಿಗೆ ಬಂದು ತಲಪುವ ವೇಳೆಗೆ ವಿವರಗಳೆಲ್ಲ ಉದುರಿಹೋಗಿ, ಚೀಸೆಂಬುದೇ ಕೂಡದೆಂಬ ಒಂದು ಮಾತು ಮಾತ್ರ ಉಳಿಯಿತು.

ಆದಕಾರಣ ಮುಖ್ಯ ಪ್ರಶ್ನೆಗೆ ಉತ್ತರವಿದು. ಹೆಸರುಳ್ಳ ಡೈರಿಯಲ್ಲಿ ಕಾಯಿಸಿದ ಹಾಲಿನಿಂದ ತಯಾರಾಗಿ, ಪೊಟ್ಟಣದ ಬಾಯಿ ಭದ್ರವಾಗಿದ್ದು, ಅವಧಿ ಮೀರದೆ, ತಣ್ಣಗೆ ಇಟ್ಟಿದ್ದ ಸಂಸ್ಕರಿಸಿದ ಚೀಸನ್ನು ಗರ್ಭಿಣಿಯು ಮಿತವಾಗಿ ನಿರ್ಭಯವಾಗಿ ತಿನ್ನಬಹುದು. ಬಿಸಿ ರೊಟ್ಟಿಯ ಮೇಲೆ ಕರಗಿಸಿಯೋ ಪಲ್ಯದೊಡನೆ ಬೇಯಿಸಿಯೋ ತಿಂದರೆ ಮತ್ತೂ ಒಳ್ಳೆಯದು. ಪೊಟ್ಟಣವನ್ನು ಬಿಚ್ಚಿದ ಮೇಲೆ ಮಾತ್ರ ಕಾರ್ಖಾನೆಯ ಕಾವಿನ ರಕ್ಷೆಯು ಮುಗಿಯಿತೆಂದು ತಿಳಿಯತಕ್ಕದ್ದು. ಹಸಿಮಾಂಸವನ್ನೋ ಮಣ್ಣಿನ ತರಕಾರಿಯನ್ನೋ ಕೊಯ್ದ ಚಾಕುವಿನಿಂದ ಚೀಸನ್ನು ಕತ್ತರಿಸಬಾರದು. ತೊಳೆಯದ ಕೈಯಿಂದ ಮುಟ್ಟಬಾರದು. ಉಳಿದದ್ದನ್ನು ಮುಚ್ಚಳವಿರುವ ಶುಭ್ರವಾದ ಪಾತ್ರೆಗೆ ಹಾಕಿ, ಫ್ರಿಜ್ಜಿನಲ್ಲಿಟ್ಟು, ಪೊಟ್ಟಣದ ಮೇಲೆ ಹೇಳಿರುವ ದಿನಗಳೊಳಗೆ ಮುಗಿಸತಕ್ಕದ್ದು. ಡಬ್ಬಿಯ ಚೀಸನ್ನು ತೆರೆದ ಡಬ್ಬಿಯಲ್ಲಿಯೇ ಇಡಕೂಡದು. ಬೂಷ್ಟು ಕಂಡರೆ ಕೆರೆದು ತಿನ್ನುವ ಲೋಭಕ್ಕೆ ಹೋಗದೆ ಎಸೆಯತಕ್ಕದ್ದು.

ಪನೀರಿನ ವಿಷಯದಲ್ಲಿಯೂ ಇದೇ ನ್ಯಾಯ. ಮನೆಯಲ್ಲಿ ಉಕ್ಕಿಸಿದ ಹಾಲನ್ನು ನಿಂಬೆಯ ರಸದಿಂದ ಒಡೆಸಿ ಅಂದೇ ಅಡಿಗೆ ಮಾಡಿದ ಪನೀರು ಶ್ರೇಷ್ಠ. ಅಂಗಡಿಯಲ್ಲಿ ಬಾಣಲೆಯ ನೀರಿನೊಳಗೆ ತೇಲುತ್ತ, ಯಾವಾಗ ಮಾಡಿದ್ದೆಂದು ಯಾರೂ ಹೇಳಲಾರದ ಬಿಡಿ ಪನೀರನ್ನು ಗರ್ಭಿಣಿಗೆ ಹಸಿಯಾಗಿ ಕೊಡಬಾರದು. ಕಾಯಿಸಿದ ಹಾಲಿಗೆ ಹೆಪ್ಪಿಟ್ಟ ಮನೆಯ ಮೊಸರು, ಮಜ್ಜಿಗೆ, ಕಾಸಿದ ತುಪ್ಪ ಇವುಗಳಿಗೆ ಯಾವ ಶಂಕೆಯೂ ಬೇಡ.

ಚೀಸಿನ ಗುಣವನ್ನೂ ಮಿತಿಯನ್ನೂ ಸಹ ತೂಗಿ ನೋಡಬೇಕು. ಗರ್ಭಿಣಿಯಾದವಳಿಗೆ ದಿನಕ್ಕೆ ಸುಮಾರು ೧೦೦೦ ಮಿಲಿಗ್ರಾಂ ಸುಣ್ಣದ ಅಂಶವು ಬೇಕೆಂದು ಭಾರತದ ಆಹಾರಶಾಸ್ತ್ರಜ್ಞರು ಗೊತ್ತುಮಾಡಿದ್ದಾರೆ. ೨೦ ಗ್ರಾಂ ತೂಕದ ಒಂದು ಹೋಳು ಚೀಸಿನಲ್ಲಿ ಸುಮಾರು ೧೦೦ ರಿಂದ ೧೫೦ ಮಿಲಿಗ್ರಾಂ ಸುಣ್ಣದ ಅಂಶವಿರುತ್ತದೆ. ಹಸುವಿನ ಹಾಲು ೧೦೦ ಮಿಲಿಲೀಟರಿನಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ, ಅಂದರೆ ಸುಮಾರು ೧೨೦ ಮಿಲಿಗ್ರಾಂ ಇರುತ್ತದೆ. ಹೊಲದಲ್ಲಿ ಬೆಳೆದ ರಾಗಿಯ ೧೦೦ ಗ್ರಾಂ ಹಿಟ್ಟಿನಲ್ಲಿ ಸುಮಾರು ೩೫೦ ಮಿಲಿಗ್ರಾಂ ಇದೆ. ಮೇಲಾಗಿ ಚೀಸಿನ ಒಂದು ಹೋಳಿನಲ್ಲಿ ಅರ್ಧ ಗ್ರಾಮಿಗೂ ಮಿಕ್ಕು ಉಪ್ಪಿನ ಅಂಶವಿರುತ್ತದೆ. ದಿನವೊಂದಕ್ಕೆ ಎಲ್ಲ ಆಹಾರದಿಂದಲೂ ಸೇರಿ ೫ ಗ್ರಾಂ ಉಪ್ಪನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಆದ್ದರಿಂದ ಗರ್ಭಿಣಿಗೆ ರಕ್ತದ ಒತ್ತಡವು ಹೆಚ್ಚಾಗಿದ್ದರೆ ಅಥವಾ ಕಾಲುಗಳು ಬಾತಿದ್ದರೆ ವೈದ್ಯರನ್ನು ಕೇಳದೆ ಚೀಸನ್ನು ಅಭ್ಯಾಸವಾಗಿ ಕೊಡಕೂಡದು.

ಹೀಗೆ ನೋಡಿದರೆ ಚೀಸು ವಿಷವೂ ಅಲ್ಲ, ಅಮೃತವೂ ಅಲ್ಲ. ಮೊದಲ ತಿಂಗಳುಗಳಲ್ಲಿ ಹಾಲಿನ ವಾಸನೆಗೇ ವಾಂತಿಯಾಗುವ ಹೆಂಗಸಿಗೆ ಒಂದು ಹೋಳು ಚೀಸು ರೊಟ್ಟಿಯೊಡನೆ ಒಳಗಿಳಿದರೆ ಅದು ನಿಜವಾದ ಉಪಕಾರ. ಅವಳಿಗೆ ಅದನ್ನು ಬೇಡವೆನ್ನುವುದು ಅವಿವೇಕ. ಹಾಗೆಂದು ಕೊಟ್ಟಿಗೆಯ ಹಾಲನ್ನೆಲ್ಲ ಸಂಘಕ್ಕೆ ಹಾಕಿ, ಆ ಹಣದಿಂದ ಪೊಟ್ಟಣದ ಚೀಸನ್ನು ತಂದು, ಬಸುರಿಗೆ ಪುಷ್ಟಿ ಕೊಟ್ಟೆವೆಂದುಕೊಳ್ಳುವುದು ಲೆಕ್ಕ ತಿಳಿದ ಬೇಸಾಯಗಾರನ ಕೆಲಸವಲ್ಲ. ರಾಗಿಯ ಮುದ್ದೆ, ಸೊಪ್ಪಿನ ಸಾರು, ಎರಡು ಲೋಟ ಕಾಯಿಸಿದ ಹಾಲು, ಒಂದು ಬಟ್ಟಲು ಮೊಸರು ಇವು ಅವಳ ನಿತ್ಯದ ಆಹಾರವಾಗಿರಬೇಕು. ಚೀಸು ಬಯಕೆಯ ಆಹಾರವಾಗಿರಬೇಕು. ೨೦೧೭ರ ಅಕ್ಟೋಬರ್ ೨ರಂದು ಕರ್ನಾಟಕದಲ್ಲೆಲ್ಲ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯಲ್ಲಿಯೂ ಅಂಗನವಾಡಿಯ ಬಿಸಿಯೂಟದೊಡನೆ ೨೦೦ ಮಿಲಿಲೀಟರು ಹಾಲನ್ನು ಗೊತ್ತುಮಾಡಿದ್ದು ಈ ತತ್ತ್ವಕ್ಕನುಸಾರವಾಗಿಯೇ. ಸರ್ಕಾರದ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಕೊಡುವ ಸುಣ್ಣದ ಮಾತ್ರೆಗಳನ್ನು ಸಹ ಮೂಲೆಗೆ ಹಾಕದೆ ನುಂಗಿಸತಕ್ಕದ್ದು.

ಇಲ್ಲಿಯವರೆಗೆ ಹೇಳಿದ್ದು ಪೊಟ್ಟಣದ ಚೀಸಿನ ವಿಚಾರ. ಇದಕ್ಕಿಂತ ಗುರುತರವಾದ ವಿಷಯವು ಇನ್ನು ಮುಂದಿರುವುದು. ಅಂಗಡಿಯಿಂದ ಬಂದ ಚೀಸಿನ ಹೋಳನ್ನು ಸಂದೇಹದಿಂದ ನೋಡುವ ಮನೆಯವರೇ, ಕೊಟ್ಟಿಗೆಯಿಂದ ಬಂದ ನೊರೆಹಾಲನ್ನು ಶಕ್ತಿಕರವೆಂದು ಬಸುರಿಗೆ ಕುಡಿಸಲು ಹಿಂಜರಿಯುವುದಿಲ್ಲ. ಎರಡು ಸಾರಿ ಕಾಯ್ದ ಪದಾರ್ಥಕ್ಕೆ ಅಂಜಿಕೆ. ಒಂದು ಸಾರಿಯೂ ಕಾಯದ ಪದಾರ್ಥಕ್ಕೆ ನಂಬಿಕೆ. ಅಂಜಿಕೆಯೂ ನಂಬಿಕೆಯೂ ಸ್ಥಳವನ್ನು ಅದಲುಬದಲು ಮಾಡಿಕೊಳ್ಳಬೇಕಾಗಿದೆ. ಸಂಘಕ್ಕೆ ಸೇರಿದ ಹಾಲು ಡೈರಿಯಲ್ಲಿ ಕಾವನ್ನು ಕಂಡೇ ಪಟ್ಟಣದ ಗರ್ಭಿಣಿಯನ್ನು ಮುಟ್ಟುತ್ತದೆ. ಅದೇ ಹಸುವಿನ ಹಾಲನ್ನು ಹಸಿಯಾಗಿ ಕುಡಿಯುವವಳು ಹಸುವನ್ನು ಸಾಕಿದವನ ಮಗಳೋ ಸೊಸೆಯೋ ಆಗಿರುತ್ತಾಳೆ. ಹಾಲನ್ನು ಕಾಯಿಸುವ ಒಳ್ಳೆಯ ರೂಢಿಯು ಈ ನಾಡಿನ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಅದಕ್ಕೆ ವಿನಾಯಿತಿಗಳನ್ನು ಮಾಡಿಕೊಳ್ಳುವುದೇ ಕೇಡಿಗೆ ಕಾರಣ. ನೊರೆಹಾಲು ಒಂದು ವಿನಾಯಿತಿ. ಹಸಿಹಾಲಿನಿಂದ ಮಾಡಿದ ಪಂಚಾಮೃತವು ಮತ್ತೊಂದು. ದೇವರ ಅಭಿಷೇಕದ ಭಕ್ತಿಗೆ ಯಾರೂ ಅಡ್ಡಬರಬೇಕಾಗಿಲ್ಲ. ಆದರೆ ತೀರ್ಥವಾಗಿ ಗರ್ಭಿಣಿಯ ಕೈಗೆ ಹಾಕುವ ಪಂಚಾಮೃತದ ಹಾಲನ್ನು ಕಾಯಿಸಿ ಆರಿಸಿ ಬೆರೆಸಿದರೆ ಭಕ್ತಿಗೆ ಕೊರತೆಯಾಗಲಾರದು. ಊರಿನ ಹಿರಿಯರು ಅರ್ಚಕರೊಡನೆ ಮಾತಾಡಿ ಇದನ್ನು ಏರ್ಪಡಿಸಬಹುದು.

ಹಸಿಹಾಲಿನಲ್ಲಿ ಲಿಸ್ಟೀರಿಯಾ ಒಂದೇ ಅಲ್ಲ, ಕ್ಷಯದ ಜಂತುವೂ ಬ್ರೂಸೆಲ್ಲಾ ಎಂಬ ಜಂತುವೂ ಇರಬಹುದು. ಈ ಬ್ರೂಸೆಲ್ಲಾವನ್ನು ರೈತರು ಹೆಸರಿನಿಂದ ಅರಿಯದಿದ್ದರೂ ಅದರ ಕೆಲಸದಿಂದ ಚೆನ್ನಾಗಿ ಅರಿತಿದ್ದಾರೆ. ಗಬ್ಬದ ಹಸುವು ಐದಾರು ತಿಂಗಳು ಕಳೆದ ಮೇಲೆ ಕಾರಣವಿಲ್ಲದೆ ಕಂದು ಹಾಕಿತೆಂದರೆ ಬಹುಮಟ್ಟಿಗೆ ಈ ರೋಗವನ್ನು ಶಂಕಿಸತಕ್ಕದ್ದು. ಡೆನ್ಮಾರ್ಕಿನ ಬಾಂಗ್ ಎಂಬ ಪಶುವೈದ್ಯನು ೧೮೯೭ರಲ್ಲಿ ಹಸುಗಳ ಈ ಜಂತುವನ್ನು ಕಂಡುಹಿಡಿದನು. ಮಾಲ್ಟಾ ದ್ವೀಪದಲ್ಲಿ ಸಿಪಾಯಿಗಳನ್ನು ಕಾಡುತ್ತಿದ್ದ ಬಿಡದ ಜ್ವರಕ್ಕೆ ಮೇಕೆಯ ಹಸಿಹಾಲೇ ಮೂಲವೆಂಬುದು ೧೯೦೫ರಲ್ಲಿ ಗೊತ್ತಾಯಿತು. ಕಂದು ಹಾಕಿದ ಹಸುವಿನ ಮಾಸಿನಲ್ಲಿಯೂ ಸ್ರಾವದಲ್ಲಿಯೂ ಜಂತುಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಹಾಲಿನಲ್ಲಿಯೂ ಬಹುಕಾಲ ಬರುತ್ತಿರುತ್ತವೆ. ಈ ರೋಗ ತಗಲಿದ ಗರ್ಭಿಣಿಗೂ ಗರ್ಭಪಾತವಾಗಬಹುದು. ಹೀಗಿದ್ದರೂ ಕೊಟ್ಟಿಗೆಯನ್ನು ಬಳಿಯುವ, ಮಾಸನ್ನು ಎತ್ತಿಹಾಕುವ ಕೆಲಸವು ಅನೇಕ ಮನೆಗಳಲ್ಲಿ ಹೆಂಗಸರ ಪಾಲಿಗೇ ಬಂದಿದೆ. ಅವರಲ್ಲಿ ಬಸುರಿಯಾದವಳೂ ಇರುತ್ತಾಳೆ.

ಇದಕ್ಕೆ ಉಪಾಯವಿಲ್ಲವೆನ್ನುವಂತಿಲ್ಲ. ೨೦೧೯ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ ಮೇರೆಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನ ಹೆಣ್ಣುಕರುಗಳಿಗೆ ಈ ರೋಗದ ವಿರುದ್ಧ ಒಂದೇ ಒಂದು ಸಾರಿ ಲಸಿಕೆಯನ್ನು ಹಾಕಿದರೆ ಸಾಕು. ಆ ವಯಸ್ಸು ಮೀರಿದ ಮೇಲೆ ಅವಕಾಶವು ಕೈತಪ್ಪುತ್ತದೆ. ಲಸಿಕೆಯು ಜೀವವಿರುವ ಜಂತುವಿನಿಂದ ಆದದ್ದಾದ್ದರಿಂದ ಅದನ್ನು ಹಾಕುವಾಗ ಕರುವನ್ನು ಗರ್ಭಿಣಿಯಿಂದ ಹಿಡಿಸಬಾರದು. ಲಸಿಕೆಯ ದಿನದಂದು ಕರುವನ್ನು ಮೇಯಲು ಅಟ್ಟಿದ ಒಂದು ಮನೆಯು ಊರಿನ ಎಲ್ಲ ಮನೆಗಳ ಶ್ರಮವನ್ನೂ ಹಾಳುಮಾಡಬಲ್ಲದು. ಇಂತಹ ಕಡೆ ಊರಿನ ಮುಖ್ಯಸ್ಥನ ಒಂದು ಮಾತು ಇಲಾಖೆಯ ಹತ್ತು ಪ್ರಕಟಣೆಗಳಿಗೆ ಸಮ.

ರಸಮೇವಿನ ಮಾತನ್ನೂ ಇಲ್ಲಿಯೇ ಹೇಳುವುದು ಯುಕ್ತ. ಜೋಳವನ್ನು ಕತ್ತರಿಸಿ ಗಾಳಿಯಾಡದಂತೆ ತುಳಿದು ಮುಚ್ಚಿ ರಸಮೇವು ಮಾಡುವ ಪದ್ಧತಿಯು ಬೇಸಗೆಯ ಮೇವಿನ ಕೊರತೆಗೆ ಒಳ್ಳೆಯ ಪರಿಹಾರ. ಆದರೆ ಸರಿಯಾಗಿ ತುಳಿಯದೆ, ಹೊದಿಕೆ ಹರಿದು ಗಾಳಿ ಸೇರಿ, ಹುಳಿಬಾರದೆ ಬೂಷ್ಟುಗಟ್ಟಿದ ರಸಮೇವಿನಲ್ಲಿ ಲಿಸ್ಟೀರಿಯಾ ಹುಲುಸಾಗಿ ಬೆಳೆಯುತ್ತದೆ. ಅದನ್ನು ತಿಂದ ಕುರಿ ದನಗಳು ಒಂದೇ ಕಡೆಗೆ ತಲೆ ವಾಲಿಸಿಕೊಂಡು ಸುತ್ತುವ ರೋಗಕ್ಕೆ ಗುರಿಯಾಗುವುದುಂಟು. ರೋಗದ ಚಿಹ್ನೆಗಳಿಲ್ಲದ ಹಸುವಿನ ಸಗಣಿಯಲ್ಲಿಯೂ ಹಾಲಿನಲ್ಲಿಯೂ ಜಂತುಗಳು ಹೊರಬೀಳಬಹುದು. ಬೂಷ್ಟು ಹಿಡಿದ ಮೇಲ್ಪದರವನ್ನು ದನಕ್ಕೆ ಹಾಕಿ ಉಳಿತಾಯ ಮಾಡಿದವನು, ಹಾಗೆ ಮಾಡಿದ ಕೇಡನ್ನು ತನ್ನ ಅಡಿಗೆಮನೆಯವರೆಗೆ ತಂದಂತಾಗುವುದು.

ಶುದ್ಧವಾದ ಹಾಲಿನ ಶಾಸ್ತ್ರವು ಈ ಸೀಮೆಗೆ ಹೊಸದೂ ಅಲ್ಲ, ದೂರದ್ದೂ ಅಲ್ಲ. ವಿರೂಪಾಕ್ಷಿಪುರದಿಂದ ಅರ್ಧ ದಿನದಲ್ಲಿ ಹೋಗಿಬರಬಹುದಾದ ಬೆಂಗಳೂರಿನಲ್ಲಿ ೧೯೨೩ರಲ್ಲಿಯೇ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯು ಸ್ಥಾಪನೆಯಾಯಿತು. ೧೯೨೭ರಲ್ಲಿ ವಿಶ್ರಾಂತಿಗಾಗಿ ಬೆಂಗಳೂರಿಗೆ ಬಂದಿದ್ದ ಮಹಾತ್ಮಾ ಗಾಂಧಿಯವರು ಅಲ್ಲಿ ಹಸುಸಾಕಣೆಯ ಪಾಠವನ್ನು ವಿದ್ಯಾರ್ಥಿಯಂತೆ ಕೇಳಿದರು. ೧೯೫೫ರಲ್ಲಿ ಮುಖ್ಯ ಸಂಸ್ಥೆಯು ಕರ್ನಾಲಿಗೆ ಹೋದರೂ ಅದರ ದಕ್ಷಿಣದ ಶಾಖೆಯು ಆಡುಗೋಡಿಯಲ್ಲಿ ಇಂದಿಗೂ ಇದೆ. ಹೆಬ್ಬಾಳದಲ್ಲಿ ಪಶುಗಳ ಲಸಿಕೆಗಳನ್ನು ತಯಾರಿಸುವ ಸಂಸ್ಥೆಯೂ, ಯಲಹಂಕದಲ್ಲಿ ಪಶುರೋಗಗಳ ಹರಡುವಿಕೆಯನ್ನು ವಿಚಾರಿಸುವ ರಾಷ್ಟ್ರೀಯ ಸಂಸ್ಥೆಯೂ ಇವೆ. ಇಷ್ಟು ವಿದ್ಯೆಯನ್ನು ಮಗ್ಗುಲಲ್ಲಿ ಇಟ್ಟುಕೊಂಡು ಹಳ್ಳಿಯ ಬಸುರಿಯೊಬ್ಬಳು ಹಸಿಹಾಲಿನಿಂದ ಕೂಸನ್ನು ಕಳೆದುಕೊಂಡರೆ, ಅದು ವಿದ್ಯೆಯ ಕೊರತೆಯಲ್ಲ, ಹೊಣೆಯ ಕೊರತೆ.

ಆ ಹೊಣೆಯು ಯಾರದೆಂಬುದೇ ಈ ಲೇಖನದ ಮುಖ್ಯ ಅಭಿಪ್ರಾಯ. ಗರ್ಭಿಣಿಯು ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂದು ವಿಧಿಸುವವರಿಗೆ ಹಳ್ಳಿಗಳಲ್ಲಿ ಕೊರತೆಯಿಲ್ಲ. ಹಸುವಿಗೆ ಲಸಿಕೆ ಹಾಕಿಸುವುದು, ಕಂದು ಹಾಕಿದ ಹಸುವಿನ ರಕ್ತವನ್ನು ಪರೀಕ್ಷೆ ಮಾಡಿಸುವುದು, ಮೇವನ್ನು ನೋಡಿ ಹಾಕುವುದು, ಅಂಗಡಿಯ ಫ್ರಿಜ್ಜನ್ನು ವಿಚಾರಿಸುವುದು, ಇವುಗಳಲ್ಲಿ ಒಂದೂ ಅವಳ ಕೈಯಲ್ಲಿಲ್ಲ. ಅವು ಮನೆಯ ಯಜಮಾನನ, ಸಂಘದ ನಿರ್ದೇಶಕರ, ಪಂಚಾಯಿತಿಯ ಸದಸ್ಯರ ಕೈಯಲ್ಲಿವೆ. ತನ್ನ ಕೈಯಲ್ಲಿಲ್ಲದ ತಪ್ಪಿಗೆ ಅವಳು ಪಥ್ಯವನ್ನು ಹಿಡಿಯುವುದೂ, ಆ ಪಥ್ಯದಿಂದಲೂ ಫಲವಿಲ್ಲದಾಗ ನಿಂದೆಯನ್ನು ಕೇಳುವುದೂ ನ್ಯಾಯವಲ್ಲ. ಗರ್ಭಿಣಿಯ ಊಟದ ಎಲೆಯನ್ನು ಕಾಯುವುದಕ್ಕಿಂತ ಕೊಟ್ಟಿಗೆಯ ಬಾಗಿಲನ್ನು ಕಾಯುವುದು ಮೇಲು.

ಈ ಕಾರ್ಯದಲ್ಲಿ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮಾಡಬಹುದಾದವು ಬಹಳ ಖರ್ಚಿನವಲ್ಲ:

೧. ಮನೆಯಲ್ಲಿ ಗರ್ಭಿಣಿಯಿರಲಿ, ಇಲ್ಲದಿರಲಿ, ಕುಡಿಯುವ ಹಾಲೆಲ್ಲವನ್ನೂ ಉಕ್ಕು ಬರುವವರೆಗೆ ಕಾಯಿಸಿ, ಸೌಟಿನಿಂದ ಕಲಕುತ್ತ ಇನ್ನೂ ಎರಡು ನಿಮಿಷ ಕುದಿಸಿ, ಮುಚ್ಚಿ ಇಡಿಸತಕ್ಕದ್ದು. ಕೂಲಿಗೆ ಬರುವ ಹೆಂಗಸರಿಗೂ ನೆರೆಯವರಿಗೂ ಹಾಲನ್ನಾಗಲಿ ಗಿಣ್ಣುಹಾಲನ್ನಾಗಲಿ ಕೊಡುವಾಗ, ಕಾಯಿಸದೆ ಬಳಸಬಾರದೆಂದು ಹೇಳಿ ಕೊಡತಕ್ಕದ್ದು.

೨. ಹಸು ಕಂದು ಹಾಕಿದರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಮಾಸನ್ನೂ ಕಂದನ್ನೂ ಕೈಗೆ ಚೀಲ ಹಾಕಿಕೊಂಡು ಎತ್ತಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು. ನಾಯಿಗಳಿಗೆ ಎಸೆಯಕೂಡದು. ಗರ್ಭಿಣಿಯನ್ನು ಆ ಕೊಟ್ಟಿಗೆಯ ಕೆಲಸಕ್ಕೆ ಹಚ್ಚಕೂಡದು.

೩. ನಾಲ್ಕು ತಿಂಗಳು ತುಂಬಿದ ಹೆಣ್ಣುಕರುಗಳ ಪಟ್ಟಿಯನ್ನು ಹಾಲಿನ ಸಂಘದಲ್ಲಿ ಬರೆದಿಟ್ಟು, ಲಸಿಕೆಯ ದಿನದಂದು ಒಂದೂ ತಪ್ಪದಂತೆ ನೋಡಿಕೊಳ್ಳತಕ್ಕದ್ದು. ಸಂಘದ ಕೂಡಿದ ಹಾಲಿನಲ್ಲಿ ಬ್ರೂಸೆಲ್ಲಾ ರೋಗದ ಸುಳಿವನ್ನು ತಿಳಿಯುವ ಸುಲಭವಾದ ಪರೀಕ್ಷೆಯುಂಟು. ಅದನ್ನು ಪಶುವೈದ್ಯರಿಂದ ಮಾಡಿಸಿಕೊಳ್ಳಬಹುದು.

೪. ಊರಿನ ಅಂಗಡಿಯವನಿಗೆ, ಚೀಸು ಪನೀರುಗಳನ್ನು ಮಾರುವುದಾದರೆ ಹಗಲಿರುಳು ತಣ್ಣಗಿಡಬೇಕೆಂದೂ, ಕರೆಂಟಿನ ಖರ್ಚು ಉಳಿಸಲು ರಾತ್ರಿ ಫ್ರಿಜ್ಜನ್ನು ಆರಿಸಬಾರದೆಂದೂ, ಅವಧಿ ಮೀರಿದ್ದನ್ನು ಮಾರಬಾರದೆಂದೂ ತಿಳಿಯಹೇಳತಕ್ಕದ್ದು. ಕೊಳ್ಳುವವರು ತಾರೀಖನ್ನು ನೋಡಿ ಕೊಳ್ಳುವ ಅಭ್ಯಾಸವನ್ನು ಮಾಡಿಕೊಂಡರೆ ಅಂಗಡಿಯವನು ತಾನಾಗಿಯೇ ಜಾಗರೂಕನಾಗುವನು.

೫. ಗರ್ಭಿಣಿಗೆ ಜ್ವರ ಬಂದರೆ ಕಷಾಯವನ್ನು ಕುಡಿಸಿ ಕಾದು ನೋಡದೆ ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು. ಹಸಿಹಾಲನ್ನು ಕುಡಿದಿದ್ದರೆ, ಮನೆಯ ಹಸು ಕಂದು ಹಾಕಿದ್ದರೆ, ಅದನ್ನು ವೈದ್ಯರಿಗೆ ಮರೆಯದೆ ಹೇಳತಕ್ಕದ್ದು. ಲಿಸ್ಟೀರಿಯಾ ರೋಗಕ್ಕೂ ಬ್ರೂಸೆಲ್ಲಾ ರೋಗಕ್ಕೂ ಔಷಧಗಳಿವೆ. ಸಕಾಲದಲ್ಲಿ ಗುರುತಿಸಿದರೆ ತಾಯಿಯೂ ಕೂಸೂ ಉಳಿಯುವ ಸಂಭವವು ಬಹಳ ಹೆಚ್ಚುತ್ತದೆ.

ಇಷ್ಟನ್ನು ನಡೆಸಿಕೊಂಡು ಬಂದ ಊರಿನಲ್ಲಿ ತವರಿಗೆ ಬಂದ ಮಗಳು ಒಂದು ಹೋಳು ಚೀಸನ್ನು ಬಯಸಿದರೆ ಹಿರಿಯರು ಗಾಬರಿಪಡಬೇಕಾಗಿಲ್ಲ. ಪೊಟ್ಟಣದ ತಾರೀಖನ್ನು ಓದಿ, ಕೈತೊಳೆದು, ಬಿಸಿ ರೊಟ್ಟಿಯ ಮೇಲೆ ಹಾಕಿ ಕೊಡಬಹುದು. ಹಸು ಎಮ್ಮೆಗಳ ತಳಿಯನ್ನು ನೋಡಿ ಕೊಳ್ಳುವುದರಲ್ಲಿ, ಹಾಲಿನ ಕೊಬ್ಬಿನ ಅಂಶಕ್ಕೆ ಸಂಘದಲ್ಲಿ ವಾದಮಾಡುವುದರಲ್ಲಿ ಈ ಸೀಮೆಯ ರೈತರು ಯಾರಿಗೂ ಕಡಿಮೆಯಲ್ಲ. ಆ ಜಾಣತನದಲ್ಲಿ ಒಂದು ಪಾಲನ್ನು ತಮ್ಮ ಮನೆಯ ಹೆಂಗಸರು ಕುಡಿಯುವ ಹಾಲಿನ ಕಡೆಗೂ ತಿರುಗಿಸಿದರೆ, ವಿರೂಪಾಕ್ಷಿಪುರದ ಹಾಲು ಪಟ್ಟಣದವರಿಗೆ ಎಷ್ಟು ನಿರಪಾಯವೋ ವಿರೂಪಾಕ್ಷಿಪುರದವರಿಗೂ ಅಷ್ಟೇ ನಿರಪಾಯವಾಗುವುದು.